ಊರಿಗೆ ಹೋಗಿಬರುವ ಅಪ್ಪಣೆ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಚರಿತ್ರೆ ಬರೆಯುವವರು ಬಂದವರ ಲೆಕ್ಕವನ್ನು ಚೆನ್ನಾಗಿಯೇ ಇಟ್ಟಿದ್ದಾರೆ. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರಿನ ದಡ ಹತ್ತಿದರು. 1836ರಲ್ಲಿ ಮೊಗ್ಲಿಂಗ್ ಬಂದರು, 1853ರಲ್ಲಿ ಕಿಟ್ಟೆಲ್ ಬಂದರು. ಅವರ ಹಿಂದೆ ಶಾಲೆ, ಅಚ್ಚುಕೂಟ, ನೇಯ್ಗೆ, ಹಂಚು ಎಲ್ಲವೂ ಬಂದವು. ಹೋದವರ ಲೆಕ್ಕ ಮಾತ್ರ ಅಡಿಟಿಪ್ಪಣಿಯಲ್ಲಿ ಸಿಗುತ್ತದೆ: ಇಂಥ ವರ್ಷ ಅನಾರೋಗ್ಯದ ನಿಮಿತ್ತ ಸ್ವದೇಶಕ್ಕೆ ತೆರಳಿದರು, ಅಷ್ಟೆ. ಆ ಒಂದು ಸಾಲಿನ ಹಿಂದೆ ಎಷ್ಟು ಕಾಗದ ಓಡಾಡಿತ್ತು, ಯಾರ ಅಪ್ಪಣೆ ಬೇಕಾಗಿತ್ತು, ಹೋಗುವವರು ಯಾರನ್ನು ಜೊತೆಗೆ ಕರೆದುಕೊಂಡು ಹೋದರು, ಯಾರನ್ನು ಅಲ್ಲೇ ಬಿಟ್ಟು ಬಂದರು ಎಂದು ಕೇಳಿದರೆ ಸಂಸ್ಥೆಯ ಒಳಗಿನ ನಡೆ ತೆರೆದುಕೊಳ್ಳುತ್ತದೆ. ಶಿಲಾನ್ಯಾಸದ ಕಲ್ಲುಗಳು ಹೇಳದ ಸಂಗತಿಗಳವು.

ಮೊದಲ ತಲೆಮಾರಿಗೆ ಊರಿಗೆ ಹೋಗಿಬರುವ ಮಾತೇ ಇರಲಿಲ್ಲ. 1833ರ ಚಾರ್ಟರ್ ಕಾಯಿದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿಯ ಸೀಮೆಗಳ ಬಾಗಿಲು ತೆರೆದಾಗ ಬಾಸೆಲಿನವರು ತಡಮಾಡದೆ ಜನ ಕಳಿಸಿದರು. ಜುಲೈಯಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿದ ಆ ಮೂವರು ಆಫ್ರಿಕದ ತುದಿಯನ್ನು ಬಳಸಿ ಅಕ್ಟೋಬರ್ ನಡುವಿನಲ್ಲಿ ಕಲ್ಲಿಕೋಟೆ ತಲುಪಿದರು. ಅಷ್ಟು ದೂರ ಹೊರಟವರಿಗೆ ಬೀಳ್ಕೊಡುಗೆ ಕೊಟ್ಟ ಮನೆಯವರು ಮತ್ತೆ ನೋಡುತ್ತೇವೆಂದು ನಂಬಿ ಕೊಟ್ಟಿದ್ದಲ್ಲ. ಹೆಬಿಕ್ ಇಪ್ಪತ್ತೈದು ವರ್ಷ ಇಲ್ಲೇ ಇದ್ದರು. ಮದುವೆಯಾಗಲಿಲ್ಲ, ದೇಶಭಾಷೆಗಳು ಕೊನೆಯವರೆಗೂ ಅವರ ನಾಲಿಗೆಗೆ ಸರಿಯಾಗಿ ಹಿಡಿಯಲಿಲ್ಲ, ದುಭಾಷಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡೇ ಪ್ರಸಂಗ ಮಾಡಿದರು. 1859ರಲ್ಲಿ ಆರೋಗ್ಯ ಪೂರ್ತಿ ಕೈಕೊಟ್ಟ ಮೇಲೆ ಕಣ್ಣೂರಿನಿಂದ ಹೊರಟರು. ಆಮೇಲೆ ಜರ್ಮನಿ, ಸ್ವಿಟ್ಜರ್ಲೆಂಡಿನ ಊರೂರು ತಿರುಗಿ ಬೋಧಿಸುತ್ತಾ 1868ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ತೀರಿಕೊಂಡರು. ಉದ್ದ ಗಡ್ಡದ, ಒರಟು ಮಾತಿನ ಈ ಮುದುಕರನ್ನು ನೋಡಲು ಅಲ್ಲಿಯೂ ಜನ ಸೇರುತ್ತಿದ್ದರು.

ಹೆಬಿಕ್ ತಾಳಿದಂತೆ ಎಲ್ಲರ ದೇಹವೂ ತಾಳಲಿಲ್ಲ. ಆಮಶಂಕೆ, ಮಲೇರಿಯ, ಯಕೃತ್ತಿನ ಬೇನೆ ಇವು ಕರಾವಳಿಯಲ್ಲಿ ಹೊಸಬರನ್ನು ಬಿಟ್ಟಿದ್ದೇ ಇಲ್ಲ. ಮಿಷನರಿ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ಮಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಕಿಟ್ಟೆಲರ ಮೊದಲ ಪತ್ನಿ ಪೌಲಿನೆ ಮದುವೆಯಾಗಿ ನಾಲ್ಕು ವರ್ಷಕ್ಕೆ, 1864ರಲ್ಲಿ, ತೀರಿಹೋದರು. ಕಾಯಿಲೆ ಬಿದ್ದವರನ್ನು ಕೂಡಲೇ ಯುರೋಪಿಗೆ ಕಳಿಸುವುದು ಖರ್ಚಿನ ಬಾಬ್ತು. ಆದ್ದರಿಂದ ಮೊದಲ ಮದ್ದು ಬೆಟ್ಟದ ಗಾಳಿ. ನೀಲಗಿರಿಯ ಕೇತಿಯಲ್ಲಿ ಬ್ರಿಟಿಷ್ ನ್ಯಾಯಾಧೀಶ ಕಾಸಮೇಜರ್ ಅವರ ನೆರವಿನಿಂದ ಮಿಷನ್ನಿಗೆ ಒಂದು ನೆಲೆ ಸಿಕ್ಕಿತ್ತು. ಮೊಗ್ಲಿಂಗರು ಸಂಪಾದಿಸಿದ ‘ಬಿಬ್ಲಿಯೋಥಿಕ ಕರ್ನಾಟಿಕ’ ಮಾಲೆಗೆ ಹಣ ಒದಗಿಸಿದವರೂ ಇವರೇ. ದಣಿದವರು ಕೇತಿಗೆ ಹೋಗಿ ಕೆಲ ತಿಂಗಳು ಇದ್ದು ಬರುತ್ತಿದ್ದರು. ಅಲ್ಲಿಯ ಮಂಜು, ಬೆಂಕಿಗೂಡು, ಆಲೂಗಡ್ಡೆ ಗದ್ದೆ ಇವು ಜರ್ಮನಿಯ ವ್ಯುರ್ಟೆಂಬರ್ಗಿನ ಹಳ್ಳಿಯವರಿಗೆ ಅರೆವಾಸಿ ಊರೇ ಸರಿ. ಅದರಿಂದಲೂ ಗುಣವಾಗದಿದ್ದರೆ ಮಾತ್ರ ಬಾಸೆಲಿಗೆ ಕಾಗದ ಹೋಗಬೇಕು.

ಆ ಕಾಗದ ಬರೆಯುವುದು ಸುಲಭದ ಕೆಲಸವಾಗಿರಲಿಲ್ಲ. ಮಿಷನ್ನಿನ ಸಮಿತಿಯಲ್ಲಿದ್ದವರು ಬಾಸೆಲ್ ನಗರದ ಹಳೆಯ ವರ್ತಕ ಮನೆತನದವರು ಮತ್ತು ಪಾದ್ರಿಗಳು. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ವ್ಯುರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮಕ್ಕಳು. ಟ್ಯೂಬಿಂಗನ್ನಿನಲ್ಲಿ ಓದಿದ ಮೊಗ್ಲಿಂಗ್, ಗುಂಡರ್ಟರಂಥವರು ಕೆಲವರೇ. ಸಮಿತಿ ಹೇಳಿದ್ದನ್ನು ದೇವರ ಚಿತ್ತವೆಂದು ತಿಳಿದು ನಡೆಯುವುದನ್ನೇ ಸೆಮಿನರಿಯಲ್ಲಿ ಕಲಿಸಿ ಕಳಿಸಿದ್ದರು. ಯಾವ ಊರಲ್ಲಿ ಇರಬೇಕು, ಎಷ್ಟು ಹಣದಲ್ಲಿ ಸಂಸಾರ ತೂಗಿಸಬೇಕು, ಯಾವಾಗ ಮದುವೆಯಾಗಬೇಕು ಎಲ್ಲವೂ ಅಲ್ಲಿಂದಲೇ ತೀರ್ಮಾನವಾಗಿ ಬರಬೇಕು. ಹುಡುಗರು ಒಂಟಿಯಾಗಿ ಬರುತ್ತಿದ್ದರು. ಕೆಲವು ವರ್ಷ ದುಡಿದು, ಭಾಷೆ ಕಲಿತ ಮೇಲೆ ಮದುವೆಗೆ ಅಪ್ಪಣೆ ಕೇಳಬಹುದಿತ್ತು. ಒಪ್ಪಿಗೆ ಸಿಕ್ಕರೆ ಹೆಣ್ಣು ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದಳು. ಎಷ್ಟೋ ಜನ ವಧುಗಳು ವರನ ಮುಖ ಕಂಡದ್ದು ಇಲ್ಲಿ ಬಂದಿಳಿದ ಮೇಲೆಯೇ. ಮದುವೆಗೇ ಈ ಪಾಟಿ ಕಟ್ಟುಪಾಡಿದ್ದ ಮೇಲೆ ಊರಿಗೆ ಹೋಗುವುದು ಯಾರೊಬ್ಬರ ಖಾಸಗಿ ಇಚ್ಛೆ ಆಗುವುದು ಹೇಗೆ?

ಅರ್ಜಿಗೆ ವೈದ್ಯರ ಅಭಿಪ್ರಾಯ ಬೇಕು, ಜೊತೆಯ ಮಿಷನರಿಗಳ ಮಾತೂ ಬೇಕು. ‘ಇವರು ಹೋದರೆ ಇವರ ಕೆಲಸ ಯಾರು ನೋಡಿಕೊಳ್ಳುತ್ತಾರೆ?’ ಎಂಬ ಪ್ರಶ್ನೆಗೆ ಇಲ್ಲಿಯೇ ಉತ್ತರ ಸಿದ್ಧವಾಗಿರಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಅಂಚೆ ಈಜಿಪ್ಟಿನ ನೆಲದ ಮೇಲೆ ಹಾದು ಹೋಗಿ, ಅಲ್ಲಿ ಸಮಿತಿ ಸಭೆ ಸೇರಿ, ಉತ್ತರ ಮರಳುವಷ್ಟರಲ್ಲಿ ತಿಂಗಳುಗಟ್ಟಲೆ ಕಳೆಯುತ್ತಿತ್ತು. ಅಷ್ಟರಲ್ಲಿ ಕೇಳಿದವನ ಜ್ವರ ಇಳಿದಿರಬಹುದು, ಇಲ್ಲವೇ ಕೇಳಿದವನೇ ಇಲ್ಲವಾಗಿರಬಹುದು.

ಅಪ್ಪಣೆ ಬಂತೆನ್ನಿ. ಮುಂದಿನ ಮಾತು ಮಳೆಗಾಲದ್ದು. ಹಳೆಯ ಮಂಗಳೂರು ಬಂದರಿನಲ್ಲಿ ದೊಡ್ಡ ಹಡಗು ದಕ್ಕೆಗೆ ಬರುತ್ತಿರಲಿಲ್ಲ. ಅಳಿವೆಯ ಆಚೆ ಕಡಲಲ್ಲೇ ಲಂಗರು ಹಾಕಿ ನಿಲ್ಲುತ್ತಿತ್ತು. ಜನ, ಪೆಟ್ಟಿಗೆ ಎಲ್ಲ ದೋಣಿಯಲ್ಲಿ ಹೋಗಿ ಹತ್ತಬೇಕು. ಜೂನ್ ಹುಟ್ಟಿತೆಂದರೆ ಅಳಿವೆ ಮುಚ್ಚಿದ ಹಾಗೆಯೇ. ಸೆಪ್ಟೆಂಬರಿನವರೆಗೆ ಪತ್ತೆಮಾರಿಯೂ ಇಲ್ಲ, ಹೊಗೆ ಹಡಗೂ ಇಲ್ಲ. ಮಳೆ ಮುಗಿದ ಮೇಲೆ ಹೊರಟರೆ ಯುರೋಪಿನ ಚಳಿಗಾಲಕ್ಕೆ ಹೋಗಿ ಬೀಳಬೇಕು. ಹತ್ತು ವರ್ಷ ಸೆಕೆಯಲ್ಲಿ ಬೆಂದ ಮೈಗೆ, ಇಲ್ಲೇ ಹುಟ್ಟಿದ ಮಕ್ಕಳಿಗೆ ಅದು ಆಗದು. ಹಾಗಾಗಿ ಮಾವಿನ ಕಾಲದಲ್ಲಿ, ಕಡಲು ಇನ್ನೂ ಶಾಂತವಾಗಿರುವಾಗ ಹೊರಟು, ಅಲ್ಲಿ ವಸಂತವೋ ಬೇಸಗೆಯೋ ಇರುವಾಗ ಇಳಿಯುವುದು ಜಾಣತನ. ಮಾರ್ಚಿಯ ಬೆವರಿನಲ್ಲಿ ಕೂತು ಮಕ್ಕಳಿಗೆ ಉಣ್ಣೆಯ ಅಂಗಿ, ಕಾಲುಚೀಲ ಹೊಂದಿಸಬೇಕು. ಮಂಗಳೂರಿನಿಂದ ಮುಂಬಯಿ, ಅಲ್ಲಿಂದ ಏಡನ್, ಕೆಂಪು ಸಮುದ್ರ, ಕಾಲುವೆ ದಾಟಿ ಟ್ರಿಯೆಸ್ಟ್ ಅಥವಾ ಜಿನೋವಾ, ಮತ್ತೆ ರೈಲಿನಲ್ಲಿ ಬಾಸೆಲ್. ಕಾಲುವೆ ಆದ ಮೇಲೆ ಮುಂಬಯಿಯಿಂದ ಇಟಲಿಯ ದಡದವರೆಗಿನ ಪ್ರಯಾಣ ಮೂರು ನಾಲ್ಕು ವಾರಕ್ಕೆ ಇಳಿಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ದೋಣಿಯ ಪಾಡೂ ತಪ್ಪಿತು.

ಹೊರಡುವ ಮೊದಲು ಒಪ್ಪಿಸುವ ಕೆಲಸವೇ ದೊಡ್ಡದು. ಒಂದು ಠಾಣ್ಯದ ಮಿಷನರಿ ಎಂದರೆ ಸಭೆಯ ಪಾದ್ರಿ, ಶಾಲೆಯ ಮೇಲ್ವಿಚಾರಕ, ಬಡವರ ಹಣದ ಖಜಾಂಚಿ, ಜಾಗದ ವ್ಯಾಜ್ಯದಲ್ಲಿ ಕಚೇರಿಗೆ ಅಲೆಯುವ ಮುಖ್ತ್ಯಾರ, ಕೆಲವೊಮ್ಮೆ ಔಷಧಿ ಕೊಡುವವನು ಎಲ್ಲವೂ ಹೌದು. ಸಭೆಯ ನೋಂದಣಿ ಪುಸ್ತಕ, ದೀಕ್ಷಾಸ್ನಾನಕ್ಕೆ ಕಾದಿರುವವರ ಪಟ್ಟಿ, ಉಪದೇಶಿಗಳ ಸಂಬಳದ ಲೆಕ್ಕ, ಸಾಲ ಕೊಟ್ಟವರ ಹೆಸರು, ಬಾವಿ ಕೆಲಸ ಅರ್ಧಕ್ಕೆ ನಿಂತಿದ್ದರೆ ಅದರ ಹಣ ಇಷ್ಟನ್ನೂ ಇನ್ನೊಬ್ಬನ ಕೈಗೆ ಕೊಡಬೇಕು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಂಥ ಬಯಲುಸೀಮೆಯ ಠಾಣ್ಯಗಳಲ್ಲಿ ಇದ್ದದ್ದೇ ಒಬ್ಬಿಬ್ಬರು. ಒಬ್ಬರು ಹೊರಟರೆ ಪಕ್ಕದ ಊರಿನವರು ಎರಡು ಕಡೆಯದನ್ನೂ ನೋಡಿಕೊಳ್ಳಬೇಕು. ವಾಸ್ತವದಲ್ಲಿ ದಿನದ ಕೆಲಸ ನಡೆಸಿದವರು ನಮ್ಮವರೇ ಆದ ಉಪದೇಶಿಗಳು ಮತ್ತು ಶಾಲಾ ಮಾಸ್ತರರು. ಮಿಷನರಿಯ ಹೆಂಡತಿಯ ಹೆಸರು ಸಂಬಳದ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಆದರೆ ಹೆಣ್ಣುಮಕ್ಕಳ ವಸತಿಶಾಲೆ, ಹೊಲಿಗೆ ತರಗತಿ, ಬಾಣಂತಿಯರ ಆರೈಕೆ ಆಕೆಯ ತಲೆಯ ಮೇಲೇ ಇದ್ದವು. ಆಕೆ ಹೊರಟಾಗ ಖಾಲಿ ಬೀಳುತ್ತಿದ್ದ ಜಾಗ ತುಂಬುವುದು ಗಂಡನ ಜಾಗ ತುಂಬಿದ್ದಕ್ಕಿಂತ ಕಷ್ಟವಾಗಿತ್ತೆಂದು ಧೈರ್ಯವಾಗಿ ಹೇಳಬಹುದು.

ಇನ್ನು ಮಕ್ಕಳ ವಿಷಯ. ನಮ್ಮಲ್ಲಿ ಯಾರಾದರೂ ಊರಿಗೆ ಹೊರಟರೆ ನೆರೆಯವರು ಒಂದು ಗಂಟು, ಒಂದು ಡಬ್ಬಿ ಕೈಗೆ ಕೊಟ್ಟು ‘ನಮ್ಮ ಮನೆಗೆ ಮುಟ್ಟಿಸಿ’ ಎನ್ನುವುದು ರೂಢಿ. ಬಾಸೆಲ್ ಮಿಷನ್ನಿನವರು ಮಕ್ಕಳನ್ನು ಕೊಟ್ಟು ಕಳಿಸುತ್ತಿದ್ದರು. ಮಿಷನ್ನಿನ ಇನ್ಸ್‌ಪೆಕ್ಟರ್ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಇಲ್ಲಿಗೆ ಬಂದು ಠಾಣ್ಯಗಳನ್ನೆಲ್ಲ ತಿರುಗಿ ನೋಡಿ ಹೋದರು. ಎಲ್ಲವನ್ನೂ ನಿಯಮದ ಕಟ್ಟಿಗೆ ತರುವುದು ಅವರ ಸ್ವಭಾವ. 1853ರಲ್ಲಿ ಮಕ್ಕಳ ಬಗ್ಗೆಯೂ ಕಟ್ಟಳೆ ಬಂತು: ಶಾಲೆಯ ವಯಸ್ಸಿಗೆ ಬಂದ ಮಿಷನರಿ ಮಕ್ಕಳು ಯುರೋಪಿಗೆ ಹೋಗಬೇಕು. ಬಾಸೆಲಿನಲ್ಲಿ ಅವರಿಗಾಗಿ ಮನೆಗಳಾದವು, ಗಂಡುಮಕ್ಕಳದು ಬೇರೆ, ಹೆಣ್ಣುಮಕ್ಕಳದು ಬೇರೆ. ಆರೇಳು ವರ್ಷದ ಕೂಸು, ಅಲ್ಲಿಯವರೆಗೆ ಆಯಾಳ ಸೊಂಟದ ಮೇಲೆ ಕೂತು ತುಳುವೋ ಕನ್ನಡವೋ ಮಲಯಾಳವೋ ಮಾತಾಡಿಕೊಂಡಿದ್ದದ್ದು, ರಜೆಯ ಮೇಲೆ ಹೊರಟ ಯಾವುದೋ ದಂಪತಿಯ ಕೈ ಹಿಡಿದು ದೋಣಿ ಹತ್ತುತ್ತಿತ್ತು. ಸ್ವಂತ ಅಪ್ಪ ಅಮ್ಮ ದಡದಲ್ಲಿ. ಹೊರಟ ದಂಪತಿಗೆ ತಮ್ಮ ಮಕ್ಕಳ ಜೊತೆಗೆ ಇನ್ನೆರಡು ಮೂರು ಠಾಣ್ಯದ ಮಕ್ಕಳ ಜವಾಬ್ದಾರಿ. ಹೀಗೆ ಪ್ರತಿಯೊಂದು ಮರುಪ್ರಯಾಣವೂ ಹಲವು ಮನೆಗಳನ್ನು ಮುರಿಯುವ ಪ್ರಯಾಣ ಆಗುತ್ತಿತ್ತು. ಆಮೇಲೆ ಅಪ್ಪ ಅಮ್ಮನ ಮುಖ ನೋಡಲು ಹತ್ತು ವರ್ಷವಾಗಬಹುದು. ನೋಡದೆ ಸತ್ತವರೂ ಇದ್ದರು.

ಇದಕ್ಕೆ ಸಮಿತಿ ಕೊಟ್ಟ ಕಾರಣಗಳು ಗೊತ್ತಿರುವಂಥವೇ: ಹವೆ ಮಕ್ಕಳಿಗೆ ಒಗ್ಗದು, ಜರ್ಮನ್ ವಿದ್ಯಾಭ್ಯಾಸ ಸಿಗದು, ಸುತ್ತಲಿನ ಅನ್ಯಮತದ ವಾತಾವರಣ ಕೆಡಿಸುತ್ತದೆ. ಮೊದಲನೆಯದರಲ್ಲಿ ಸತ್ಯವಿತ್ತು, ಆ ಕಾಲದ ಗೋರಿಕಲ್ಲುಗಳಲ್ಲಿ ಮಕ್ಕಳ ಹೆಸರು ಕಡಿಮೆಯಿಲ್ಲ. ಮೂರನೆಯದನ್ನು ಇಂದು ಓದಿದಾಗ ಬೇಸರವಾಗುತ್ತದೆ. ಅನಾಥ ಮಕ್ಕಳಿಗೆಂದು ಇಲ್ಲಿ ಆಶ್ರಮ ಕಟ್ಟಿದ ಸಂಸ್ಥೆ ತನ್ನವರ ಮಕ್ಕಳನ್ನು ಅಪ್ಪ ಅಮ್ಮ ಬದುಕಿರುವಾಗಲೇ ಆಶ್ರಮಕ್ಕೆ ಹಾಕಿತಲ್ಲ ಎಂಬುದನ್ನು ಮುಚ್ಚಿಡಬಾರದು. ತಾಯಂದಿರು ತಕರಾರು ಮಾಡಿದ್ದುಂಟು. ಆದರೆ ಸಮಿತಿಯ ಕಟ್ಟಳೆಗೆ ತಲೆಬಾಗುವುದು ಗಂಡನ ಹಾಗೆ ಹೆಂಡತಿಗೂ ಧರ್ಮವಾಗಿತ್ತು.

ಒಂದು ಮನೆತನದಲ್ಲಿ ಈ ಕಥೆಯನ್ನು ಮೂರು ತಲೆಮಾರು ಹಿಂಬಾಲಿಸಬಹುದು. ಹರ್ಮನ್ ಗುಂಡರ್ಟ್ ಮತ್ತು ಜೂಲಿ ದ್ಯುಬ್ವಾ ದಂಪತಿಯ ಮಗಳು ಮಾರೀ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ. ಅಪ್ಪ ಅಮ್ಮ ಯುರೋಪಿಗೆ ಹೋಗಿ ಮರಳುವಾಗ ಎಳೆ ಮಗುವನ್ನು ಅಲ್ಲೇ ಬಿಟ್ಟು ಬಂದರು. ಆಕೆ ಮತ್ತೆ ಅವರನ್ನು ಸೇರಿದ್ದು 1857ರಲ್ಲಿ, ಹದಿನೈದರ ಪ್ರಾಯದಲ್ಲಿ. ಬರುವ ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣ ಮನಸ್ಸಿಗೆ ಬಂದ, ಅಪ್ಪ ಒಪ್ಪಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಗುಂಡರ್ಟರ ಆರೋಗ್ಯ ಕೆಟ್ಟು 1859ರಲ್ಲಿ ಅವರು ಭಾರತ ಬಿಟ್ಟರು, ಮಗಳೂ ಹಿಂದೆಯೇ ಹೋದಳು. ಮುಂದೆ ಆಕೆ ಇಸೆನ್‌ಬರ್ಗ್ ಎಂಬ ಮಿಷನರಿಯನ್ನು ಮದುವೆಯಾಗಿ ಸಿಂಧ್ ಸೀಮೆಗೆ ಬಂದು, ವಿಧವೆಯಾಗಿ ಅಪ್ಪನ ಮನೆಗೆ ಮರಳಿದಳು. ಅದೇ ಸುಮಾರಿಗೆ, 1869ರಲ್ಲಿ, ಯೊಹಾನ್ನೆಸ್ ಹೆಸ್ಸೆ ಎಂಬ ಬಾಲ್ಟಿಕ್ ಕಡೆಯ ಯುವಕ ಮಂಗಳೂರಿಗೆ ಬಂದು ಸೆಮಿನರಿಯಲ್ಲಿ ಪಾಠ ಹೇಳುತ್ತಿದ್ದ. ಹೊಟ್ಟೆಯ ಬೇನೆ ಅವನನ್ನೂ ಬಿಡಲಿಲ್ಲ; 1873ರಲ್ಲಿ ಹಿಂದಿರುಗಿದ. ಆಗ ಕಾಲ್ವ್ ಎಂಬ ಸಣ್ಣ ಪಟ್ಟಣದಲ್ಲಿ ಪ್ರಕಾಶನ ಸಂಸ್ಥೆ ನಡೆಸುತ್ತಿದ್ದ ಗುಂಡರ್ಟರ ಕೈಕೆಳಗೆ ಅವನಿಗೆ ಕೆಲಸ ಸಿಕ್ಕಿತು, ಮಾರೀಯೂ ಸಿಕ್ಕಿದಳು. 1877ರಲ್ಲಿ ಹುಟ್ಟಿದ ಅವರ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. 1881ರಲ್ಲಿ ಸಂಸಾರ ಬಾಸೆಲಿಗೆ ಬಂದಾಗ, ತಂಟೆ ತಡೆಯಲಾರದೆ ಈ ಹುಡುಗನನ್ನೂ ಕೆಲಕಾಲ ಮಿಷನ್ನಿನ ಅದೇ ಗಂಡುಮಕ್ಕಳ ಮನೆಗೆ ಹಾಕಿದ್ದರು. 1911ರಲ್ಲಿ ಅವನು ಪೂರ್ವದೇಶಗಳಿಗೆ ಹಡಗು ಹತ್ತಿದ. ಸಿಂಹಳ, ಸಿಂಗಪುರ, ಸುಮಾತ್ರ ಕಂಡ. ತಾಯಿ ಹುಟ್ಟಿದ ಕರಾವಳಿಗೂ, ಅಪ್ಪ ಪಾಠ ಹೇಳಿದ ಮಂಗಳೂರಿನ ಬಲ್ಮಠಕ್ಕೂ ಬರಲೇ ಇಲ್ಲ.

ಊರು ತಲುಪಿದವರಿಗೆ ವಿಶ್ರಾಂತಿ ಸಿಗುತ್ತಿತ್ತೇ? ಮೊದಲ ಕೆಲವು ವಾರ ವೈದ್ಯರದು. ಸ್ವಲ್ಪ ಚೇತರಿಸಿಕೊಂಡರೆಂದರೆ ಸಂಸ್ಥೆಯದು. ಬಾಸೆಲಿನಲ್ಲಿ ಪ್ರತಿವರ್ಷ ಬೇಸಗೆಯಲ್ಲಿ ಮಿಷನ್ ಹಬ್ಬ ನಡೆಯುತ್ತಿತ್ತು. ಮರಳಿದ ಮಿಷನರಿ ಅಲ್ಲಿ ಮಾತಾಡಬೇಕು, ಆಮೇಲೆ ಹಳ್ಳಿ ಹಳ್ಳಿಯ ಚರ್ಚುಗಳಲ್ಲಿ ಮಾತಾಡಬೇಕು. ಮಿಷನ್ನಿನ ಹಣ ಬರುತ್ತಿದ್ದದ್ದೇ ಹೀಗೆ. ಕಾರ್ಲ್ ಸರಾಸಿನ್ ಎಂಬ ಬಾಸೆಲಿನ ಶ್ರೀಮಂತರು 1855ರಲ್ಲಿ ಶುರುಮಾಡಿದ ‘ಅರ್ಧ ಬಾಟ್ಸನ್’ ವಂತಿಗೆಯ ಕ್ರಮ ಬಹಳ ಸರಳವಾದದ್ದು: ಬಡವರೂ ವಾರಕ್ಕೆ ಅರ್ಧ ಬಾಟ್ಸನ್ ಎಂಬ ಚಿಲ್ಲರೆ ಕಾಸು ಕೊಡುವುದು, ಸಂಗ್ರಹಿಸುವವರು ಮನೆಮನೆಗೆ ಹೋಗುವುದು. ಕೂಲಿಯವರ, ತೊತ್ತಿನವರ ಆ ಕಾಸು ಸೇರಿ ದೊಡ್ಡ ಮೊತ್ತವಾಗುತ್ತಿತ್ತು. ಹಾಗೆ ಕೊಟ್ಟವರಿಗೆ ಕಣ್ಣೆದುರು ಒಬ್ಬ ಮನುಷ್ಯ ನಿಂತು ಮಂಗಳೂರಿನ, ಕೊಡಗಿನ ಕಥೆ ಹೇಳಬೇಕು. ಹೇಳುವವರು ಒಮ್ಮೊಮ್ಮೆ ಬಣ್ಣ ಹೆಚ್ಚು ಬಳಿದರು. ಇಲ್ಲಿಯ ಭೂತಾರಾಧನೆ, ಜಾತ್ರೆ, ಜಾತಿಗಳ ಬಗ್ಗೆ ಯುರೋಪಿನ ಹಳ್ಳಿಗಳಲ್ಲಿ ಹಬ್ಬಿದ ಕತ್ತಲೆಯ ಚಿತ್ರಕ್ಕೆ ಈ ರಜೆಯ ಭಾಷಣಗಳ ಪಾಲೂ ಇದೆ. ಪೆಟ್ಟಿಗೆಯಲ್ಲಿ ಇಲ್ಲಿಂದ ಒಯ್ದ ವಿಗ್ರಹ, ಆಯುಧ, ಬಟ್ಟೆ, ಪಾತ್ರೆ ಪರಡಿಗಳು ಮಿಷನ್ ಮನೆಯ ವಸ್ತುಸಂಗ್ರಹಾಲಯ ಸೇರಿದವು. ಈಗ ಅವು ಬಾಸೆಲ್ ನಗರದ ಮ್ಯೂಸಿಯಮ್ಮಿನಲ್ಲಿವೆ.

ಈ ಹೋಗಿಬರುವಿಕೆಯಿಂದ ನಮಗಾದ ಲಾಭ ಕಡಿಮೆಯದಲ್ಲ. ಮಂಗಳೂರು ಹಂಚನ್ನೇ ತೆಗೆದುಕೊಳ್ಳಿ. ಯಂತ್ರಗಳ ಕೆಲಸ ಬಲ್ಲ ಗೆಯೋರ್ಗ್ ಪ್ಲೆಬ್ಸ್ಟ್ ಮೊದಲು ಬಂದದ್ದು ಅಚ್ಚುಕೂಟ ನೋಡಿಕೊಳ್ಳಲು. ನೇತ್ರಾವತಿ ದಂಡೆಯ ಜೇಡಿಮಣ್ಣಿನ ಮೇಲೆ ಅವರ ಕಣ್ಣು ಬಿತ್ತು. ಸ್ವದೇಶಕ್ಕೆ ರಜೆಯಲ್ಲಿ ಹೋದಾಗ ಪ್ರಸಂಗ ಹೇಳುತ್ತ ತಿರುಗುವುದರ ಜೊತೆಗೆ ಕುಂಬಾರಿಕೆಯ, ಸುಡುವಿಕೆಯ ವಿದ್ಯೆ ಕಲಿತು ಬಂದರು. 1865ರಲ್ಲಿ ಜೆಪ್ಪುವಿನಲ್ಲಿ ಒಂದು ಜೊತೆ ಎತ್ತು, ಕೆಲವೇ ಆಳುಗಳೊಂದಿಗೆ ಶುರುವಾದ ಆ ಕಾರ್ಖಾನೆಯ ಕೆಂಪು ಹಂಚು ಮುಂದೆ ಕರಾವಳಿಯ ಮುಳಿಹುಲ್ಲಿನ ಮಾಡುಗಳನ್ನು ಬದಲಿಸಿತು. ಮತಾಂತರಗೊಂಡು ಜಾತಿಯ ಕಸುಬು ಕಳೆದುಕೊಂಡವರಿಗೆ ಕೆಲಸವನ್ನೂ ಕೊಟ್ಟಿತು.

ಗುಂಡರ್ಟರ ಮಲಯಾಳ–ಇಂಗ್ಲಿಷ್ ನಿಘಂಟು ಇನ್ನೊಂದು ಬಗೆ. ಅವರು 1859ರಲ್ಲಿ ಹೋದವರು ಮತ್ತೆ ಬರಲಿಲ್ಲ. ನಿಘಂಟು ಬಂದದ್ದು 1872ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ. ಕರ್ತೃ ಕಾಲ್ವ್‌ನಲ್ಲಿ, ಅಚ್ಚು ಬಲ್ಮಠದಲ್ಲಿ. ಅವರ ಕೈಬರಹಗಳು, ಸಂಗ್ರಹಿಸಿದ ಗ್ರಂಥಗಳು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿವೆ.

ಮೊಗ್ಲಿಂಗರದು ನೋವಿನ ಕಥೆ. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ, ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ ಈ ಮನುಷ್ಯ ವೈಗ್ಲೆಯವರ ವಿಧವೆ ಪೌಲಿನೆಯನ್ನು ಮದುವೆಯಾದರು. ಆಕೆಯ ಆರೋಗ್ಯಕ್ಕಾಗಿ 1860ರಲ್ಲಿ ಸ್ವದೇಶಕ್ಕೆ ಹೊರಟರು. ಮತ್ತೆ ಬರಲಾಗಲಿಲ್ಲ. 1881ರಲ್ಲಿ ಎಸ್ಲಿಂಗನ್ನಿನಲ್ಲಿ ತೀರಿಕೊಳ್ಳುವವರೆಗೂ ಕನ್ನಡದ ನಂಟು ಬಿಡಲಿಲ್ಲ. ಹರಿದಾಸರ ಪದಗಳನ್ನು ಜರ್ಮನಿಗೆ ತಿರುಗಿಸಿ ಅಲ್ಲಿಯ ವಿದ್ವತ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅಲ್ಲಿ ಆ ಪದಗಳನ್ನು ಹಾಡಿ ತೋರಿಸುವವರು ಯಾರೂ ಇರಲಿಲ್ಲ.

ಕಿಟ್ಟೆಲರು ಮಾಡಿದ್ದು ಇದಕ್ಕೆ ತಿರುವುಮುರುವು. ಯೌವನದಲ್ಲಿ ಸಮಿತಿಯೊಂದಿಗೆ ಅವರಿಗೆ ಕೂಡಿಬಂದದ್ದು ಕಡಿಮೆ. ಕುದುರೆ, ಬಂಗಲೆ ಬಿಟ್ಟು ಇಲ್ಲಿಯವರ ಹಾಗೆ ಇರಬೇಕೆಂದವರು. 1877ರಲ್ಲಿ ಹೆಂಡತಿ ಮಕ್ಕಳೊಂದಿಗೆ ಜರ್ಮನಿಗೆ ಮರಳಿದರು. ಮೊದಲ ಪತ್ನಿಯ ಸಹೋದರಿ ಜೂಲಿ ಆಗ ಅವರ ಪತ್ನಿ. ಐವತ್ತು ಸಮೀಪಿಸಿದ ಮಿಷನರಿಗೆ ಅಲ್ಲಿಗೆ ಸೇವೆ ಮುಗಿಯಿತೆಂದೇ ಲೆಕ್ಕ. ಆದರೆ ಅವರ ಕನ್ನಡ ಕೋಶದ ಕೆಲಸ ಬಾಕಿಯಿತ್ತು. ಪಂಡಿತರನ್ನು ಎದುರಿಗೆ ಕೂರಿಸಿಕೊಳ್ಳದೆ, ಪೇಟೆಯ ಮಾತು ಕಿವಿಗೆ ಬೀಳದೆ ಆಗುವ ಕೆಲಸ ಅದಲ್ಲ. 1883ರಲ್ಲಿ ಸಂಸಾರವನ್ನು ಅಲ್ಲೇ ಬಿಟ್ಟು ಒಬ್ಬರೇ ಹಡಗು ಹತ್ತಿದರು. ಒಂಬತ್ತು ವರ್ಷ ಇಲ್ಲಿದ್ದು 1892ರಲ್ಲಿ ಮರಳಿದರು. ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ 1894ರಲ್ಲಿ ಹೊರಬಂದಾಗ ಅವರು ಟ್ಯೂಬಿಂಗನ್ನಿನಲ್ಲಿದ್ದರು. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ. ಆ ಒಂಬತ್ತು ವರ್ಷ ಮಕ್ಕಳನ್ನು ಒಬ್ಬಳೇ ಬೆಳೆಸಿದ ಜೂಲಿಯ ಹೆಸರು ಕೋಶ ಬಳಸುವವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಇದೇ ದಾರಿಯಲ್ಲಿ ಎದುರು ದಿಕ್ಕಿಗೆ ಹೋದವರೊಬ್ಬರಿದ್ದಾರೆ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ಕೂತಿತ್ತು. 1846ರಲ್ಲಿ ಮೊಗ್ಲಿಂಗ್ ಸ್ವದೇಶಕ್ಕೆ ಹೊರಟಾಗ ಇವರೂ ಜೊತೆಗಿದ್ದರು. ಬಾಸೆಲ್ ಸೆಮಿನರಿಯಲ್ಲಿ ಓದಿ, 1851ರಲ್ಲಿ ಸಭಾಪಾಲಕರಾಗಿ ಅಭಿಷೇಕ ಪಡೆದು ಹಿಂದಿರುಗಿದರು. ಮೊಗ್ಲಿಂಗರಿಗೆ ಊರಾದದ್ದು ಇವರಿಗೆ ಪರದೇಶ. ಅಲ್ಲಿಯ ಚಳಿ, ರೊಟ್ಟಿ, ಗ್ರೀಕ್ ಹೀಬ್ರೂ ಪಾಠ ಎಲ್ಲ ಹೊಸದು. ಮರಳಿ ಬಂದಾಗ ಹುಟ್ಟಿದೂರಿನಲ್ಲಿ ಮನೆಯ ಬಾಗಿಲು ತೆರೆಯಲಿಲ್ಲ. ಪತ್ನಿ ಲಕ್ಷ್ಮಿ ಜೊತೆಗೆ ಬರಲು ಒಪ್ಪಲಿಲ್ಲ. ವರ್ಷಗಳ ನಂತರ, 1860ರಲ್ಲಿ, ಮಾರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು ವರಿಸಿದರು. 1893ರಲ್ಲಿ ತೀರಿಕೊಳ್ಳುವವರೆಗೆ ಮಂಗಳೂರು, ಕೊಡಗುಗಳಲ್ಲಿ ದುಡಿದರು. ಊರಿಗೆ ಮರಳುವ ಸಿದ್ಧತೆ ಇವರಷ್ಟು ಕಠಿಣವಾಗಿ ಯಾವ ಜರ್ಮನ್ ಮಿಷನರಿಯೂ ಮಾಡಿಕೊಳ್ಳಬೇಕಾಗಿರಲಿಲ್ಲ.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಅಪ್ಪಣೆಯ ಮಾತೇ ಬಿದ್ದುಹೋಯಿತು. ಜರ್ಮನರೆಲ್ಲ ಶತ್ರುದೇಶದವರಾದರು. ಸೈನ್ಯದ ವಯಸ್ಸಿನ ಗಂಡಸರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. ಆಮೇಲೆ ಸಂಸಾರ ಸಮೇತ ಹೊರಹಾಕುವ ತೀರ್ಮಾನವಾಯಿತು. 1915ರ ಕೊನೆಯಲ್ಲಿ ಒಮ್ಮೆ, 1916ರಲ್ಲಿ ಇನ್ನೊಮ್ಮೆ ‘ಗೋಲ್ಕೊಂಡ’ ಎಂಬ ಹಡಗು ಭಾರತದ ನಾನಾ ಕಡೆಯ ಜರ್ಮನ್ ಮಿಷನರಿಗಳನ್ನೂ ಅವರ ಮನೆಯವರನ್ನೂ ತುಂಬಿಕೊಂಡು ಹೊರಟಿತು. ಉಣ್ಣೆಬಟ್ಟೆ ಹೊಲಿಸಿಕೊಳ್ಳಲು ಪುರುಸೊತ್ತಿಲ್ಲ, ಲೆಕ್ಕ ಒಪ್ಪಿಸಲು ಕಾಲವಿಲ್ಲ. ತಲೆಮಾರುಗಳಿಂದ ಅರ್ಜಿ ಹಾಕಿ ಕಾದು ಪಡೆಯುತ್ತಿದ್ದ ಊರಿನ ಪ್ರಯಾಣವನ್ನು ಸರಕಾರ ಪೊಲೀಸ್ ಕಾವಲಿನಲ್ಲಿ ಕೊಟ್ಟಿತು. ಹಂಚಿನ ಕಾರ್ಖಾನೆಗಳೂ ನೇಯ್ಗೆ ಶಾಲೆಗಳೂ ಸರಕಾರದ ವಶವಾಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ಉಳಿದದ್ದು ಸಭೆ. ಸ್ವಿಸ್ ಪ್ರಜೆಗಳಾದ ಬೆರಳೆಣಿಕೆಯ ಮಿಷನರಿಗಳನ್ನು ಬಿಟ್ಟರೆ ಮೇಲ್ವಿಚಾರಕರೇ ಇಲ್ಲ. ಮಂಗಳೂರು, ಉಡುಪಿ, ಮೂಲ್ಕಿ, ಮಡಿಕೇರಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಆರಾಧನೆ ನಿಲ್ಲಲಿಲ್ಲ, ಶಾಲೆಯ ಗಂಟೆ ನಿಲ್ಲಲಿಲ್ಲ. ನಮ್ಮ ಸಭಾಚರಿತ್ರೆಗಳು ಇದನ್ನು ಪವಾಡ ಎಂಬಂತೆ ಬರೆಯುತ್ತವೆ. ನನಗೆ ಹಾಗೆನಿಸುವುದಿಲ್ಲ. ಮಿಷನರಿ ರಜೆಯ ಮೇಲೆ ಹೋದಾಗಲೆಲ್ಲ ನೋಂದಣಿ ಪುಸ್ತಕ ಬರೆದವರು, ಜಗಳ ಬಗೆಹರಿಸಿದವರು, ಸತ್ತವರನ್ನು ಮಣ್ಣು ಮಾಡಿದವರು ಇಲ್ಲಿಯ ಉಪದೇಶಿಗಳೂ ಸಭಾಪಾಲಕರೂ ಹಿರಿಯರೂ ತಾನೆ? ಎಂಬತ್ತು ವರ್ಷ ಬಿಡಿಬಿಡಿಯಾಗಿ ಮಾಡಿದ್ದನ್ನು ಆಗ ಒಟ್ಟಾಗಿ ಮಾಡಿದರು. ಇಪ್ಪತ್ತರ ದಶಕದಲ್ಲಿ ಜರ್ಮನರಿಗೆ ಮತ್ತೆ ಬರಲು ಅನುಮತಿ ಸಿಕ್ಕಿತು. ಬಂದವರು ಕಂಡದ್ದು ತಾವಿಲ್ಲದೆಯೂ ನಡೆದ ಸಭೆಯನ್ನು. ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಬಂಧನ, ಈ ಸಲ ಡೆಹ್ರಾಡೂನಿನಲ್ಲಿ. ಆ ಹೊತ್ತಿಗೆ ಯಾರೂ ಅಷ್ಟು ಗಾಬರಿಯಾಗಲಿಲ್ಲ.

ಸ್ವಾತಂತ್ರ್ಯದ ನಂತರ ಬಂದವರು ಸಹಕಾರ್ಯಕರ್ತರಾಗಿ, ಇಲ್ಲಿಯ ಸಭೆ ಕರೆದಾಗ, ಕೆಲವು ವರ್ಷಗಳ ಮಟ್ಟಿಗೆ ಬಂದವರು. ರಜೆ ಅವರ ಹಕ್ಕಾಯಿತು, ವಿಮಾನ ಬಂತು, ಮಕ್ಕಳು ಅಪ್ಪ ಅಮ್ಮನ ಜೊತೆಗೇ ಉಳಿದರು. ಬಾಸೆಲ್ ಮಿಷನ್ ಈಗ ಮಿಷನ್ 21 ಎಂಬ ಒಕ್ಕೂಟದ ಭಾಗ.

ಹಳೆಯ ಅರ್ಜಿಗಳು, ವೈದ್ಯರ ಚೀಟಿಗಳು, ಸಮಿತಿಯ ಉತ್ತರಗಳು, ತಾಯಂದಿರ ಪತ್ರಗಳು ಬಾಸೆಲಿನ ದಫ್ತರದಲ್ಲಿ ಜೋಪಾನವಾಗಿವೆ. ಅಲ್ಲಿಯವರು ಫೋಟೋಗಳನ್ನು ಅಂತರ್ಜಾಲದಲ್ಲಿಯೂ ಇಟ್ಟಿದ್ದಾರೆ. ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿರುವುದರಿಂದ ಇಂದಿನ ಜರ್ಮನರಲ್ಲಿಯೂ ಹೆಚ್ಚಿನವರಿಗೆ ಓದಲು ಬರುವುದಿಲ್ಲ. ನಮ್ಮ ಪಾಲಿನ ಕೆಲಸ ಅದಕ್ಕಿಂತ ಸುಲಭದ್ದು. ಮಿಷನರಿ ಊರಿಗೆ ಹೋದ ತಿಂಗಳುಗಳಲ್ಲಿ ನಮ್ಮ ಸಭೆಗಳ ನೋಂದಣಿ ಪುಸ್ತಕದಲ್ಲಿ ಬರಹ ಬದಲಾಗುತ್ತದೆ. ದುಂಡನೆಯ ಕನ್ನಡ ಅಕ್ಷರದ ರುಜು ಕಾಣಿಸಿಕೊಳ್ಳುತ್ತದೆ. ಆ ಪುಟಗಳನ್ನು ಗೆದ್ದಲು ತಿನ್ನುವ ಮೊದಲು ಪ್ರತಿಯೊಂದು ಸಭೆಯವರೂ ಪ್ರತಿ ತೆಗೆಸಿ, ರುಜು ಹಾಕಿದವರ ಹೆಸರುಗಳ ಪಟ್ಟಿ ಮಾಡಿ ಬಲ್ಮಠದ ಥಿಯಲಾಜಿಕಲ್ ಕಾಲೇಜಿಗೆ ಒಪ್ಪಿಸಲಿ.